ಕಾರಣದ ಜಾಗ ಬದಲಾಗಿದೆ

ಲಾಂಬ್ರೋಸ್‌ನ ವಾರದಲ್ಲಿ ಗುರುವಾರಕ್ಕೆ ಮಾತ್ರ ಒಂದು ಮುಖವಿತ್ತು. ಉಳಿದ ದಿನಗಳೆಲ್ಲ ಒಂದರ ಬೆನ್ನಿಗೊಂದು ಅಂಟಿಕೊಂಡು, ಯಾವುದು ಸೋಮವಾರ ಯಾವುದು ಬುಧವಾರ ಎಂದು ತಿಳಿಯದ ಹಾಗೆ ಕಳೆದುಹೋಗುತ್ತಿದ್ದವು. ಗುರುವಾರ ಬೆಳಗ್ಗೆ ಕಾಫಿ ಕುಡಿದು, ಕಪ್ಪು ತೊಳೆದು ಬೋರಲು ಹಾಕಿ, ಅವನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಪಲಿಯೋವ್ರಿಸಿಯ ಔಷಧದಂಗಡಿಗೆ ಫೋನ್ ಮಾಡಿ, ಗ್ರೀಕರ ರೂಢಿಯಲ್ಲಿ ಶುಭೋದಯ ಹೇಳಿ, ಅಂಗಡಿಯ ಒಡತಿಯನ್ನು ಕಿರಿಯಾ, ಅಂದರೆ ಶ್ರೀಮತಿ, ಎಂದು ಕರೆಯುತ್ತಿದ್ದ.

"ಕಲಿಮೇರಾ ಕಿರಿಯಾ ಅರೆತಿ. ಪ್ರೋಗ್ರಾಮ್ ಓಡ್ತಾ ಇದೆಯಾ?"

"ಓಡ್ತಾ ಇದೆ ಕಣಪ್ಪ. ನಾನೇ ಕುಂಟ್ತಾ ಇದ್ದೀನಿ."

ಅಲ್ಲಿಗೆ ಪ್ರೋಗ್ರಾಮಿನ ಮಾತು ಮುಗಿಯುತ್ತಿತ್ತು. ಆಮೇಲೆ ಬೆಟ್ಟದ ಮೇಲೆ ಎಷ್ಟು ಹಿಮ ಬಿತ್ತು, ಸೌದೆ ಬಂತೋ ಇಲ್ಲವೋ, ಪಾದ್ರಿಯ ಸೊಸೆಗೆ ಹೆಣ್ಣೋ ಗಂಡೋ, ಇವತ್ತು ಪಿಟಾಕ್ಕೆ ಒಳಗೆ ಏನು ತುಂಬಿದ್ದು, ಸೊಪ್ಪೋ ಚೀಸೋ, ಇದೇ. ಫೋನ್ ಇಟ್ಟ ಮೇಲೆ ಮನೆ ಇದ್ದಕ್ಕಿದ್ದಂತೆ ದೊಡ್ಡದಾಗುತ್ತಿತ್ತು. ಅವನು ಎದ್ದು ರೇಡಿಯೋ ಹಾಕುತ್ತಿದ್ದ.

ಒಂದು ಕಾಲದಲ್ಲಿ ಹೀಗಿರಲಿಲ್ಲ. ಯಾನ್ನಿನಾ ಪಟ್ಟಣದ ಬಸ್ ನಿಲ್ದಾಣದ ಹಿಂದಿನ ಒಂದು ಮಳಿಗೆಯಲ್ಲಿ ಅವನೂ ಅವನ ಗೆಳೆಯ ಸ್ತಾಥಿಸನೂ ಕೂತು, ಔಷಧದಂಗಡಿಗಳಿಗಾಗಿ ಒಂದು ಪ್ರೋಗ್ರಾಮ್ ಬರೆದಿದ್ದರು. ವೈದ್ಯರು ಬರೆದ ಚೀಟಿ ಸರ್ಕಾರದ ಕೇಂದ್ರ ಯಂತ್ರದಲ್ಲಿ ಕೂತಿರುತ್ತದೆ. ಅಂಗಡಿಯವರು ಚೀಟಿಯ ಸಂಖ್ಯೆ ಒತ್ತಿದರೆ ಪ್ರೋಗ್ರಾಮ್ ಅಲ್ಲಿಗೆ ಹೋಗಿ ಕೇಳಿ ತರುತ್ತದೆ, ಔಷಧ ಕೊಟ್ಟ ಮೇಲೆ "ಕೊಟ್ಟಾಯಿತು" ಎಂದು ಹೇಳಿ ಬರುತ್ತದೆ. ಇಷ್ಟೇ ಕೆಲಸ. ಎಪಿರಸ್ ಪ್ರಾಂತ್ಯದ ಅರ್ಧದಷ್ಟು ಅಂಗಡಿಗಳು ಅದನ್ನು ಹಾಕಿಸಿಕೊಂಡಿದ್ದವು. ಆಗ ಫೋನ್ ಇಡಲು ಬಿಡುವಿರುತ್ತಿರಲಿಲ್ಲ, ಊಟಕ್ಕೆ ಕೂತರೆ ತುತ್ತು ಬಾಯಿಗೆ ಹೋಗುವ ಮೊದಲೇ ಮೆತ್ಸೊವೊದಿಂದಲೋ ಪ್ರೆವೆಜಾದಿಂದಲೋ ಯಾರೋ ಕೂಗುತ್ತಿದ್ದರು. ಆಮೇಲೆ ಅಥೆನ್ಸಿನಿಂದ ಒಂದು ದೊಡ್ಡ ಕಂಪನಿ ಬಂತು. ಅವರ ಪ್ರೋಗ್ರಾಮಿಗೆ ಬಣ್ಣವಿತ್ತು, ಜಾಹೀರಾತಿತ್ತು, ರಿಪೇರಿಗೆ ಓಡಿಬರುವ ಹುಡುಗರಿದ್ದರು. ಗಿರಾಕಿಗಳು ಒಬ್ಬೊಬ್ಬರಾಗಿ, ಮುಖ ತಪ್ಪಿಸಿಕೊಂಡು ಹೋದರು. ಕೊನೆಗೆ ಸ್ತಾಥಿಸನೇ ಟೈ ಕಟ್ಟಿಕೊಂಡು ಆ ಕಂಪನಿ ಸೇರಿದ. ಲಾಂಬ್ರೋಸ್‌ನ ಮದುವೆಯೂ ಆ ವರ್ಷಗಳಲ್ಲೇ, ಜಗಳವಿಲ್ಲದೆ, ಸಣ್ಣ ತೂತು ಬಿದ್ದ ಟೈರಿನ ಹಾಗೆ ಮೆಲ್ಲಗೆ ಗಾಳಿ ಇಳಿದು ನಿಂತುಹೋಗಿತ್ತು. ಹೆಂಡತಿ ಥೆಸಲೋನಿಕಿಯಲ್ಲಿದ್ದಳು, ಅವನ ಹೆಸರಿನ ಸಂತನ ಹಬ್ಬಕ್ಕೆ ಒಂದು ಸಂದೇಶ ಕಳಿಸುತ್ತಿದ್ದಳು.

ಅವನು ಈಗ ಅದೇ ಊರಿನಲ್ಲಿ ಕಂಪ್ಯೂಟರಿನ ಮುದ್ರಣ ಯಂತ್ರಗಳನ್ನು ರಿಪೇರಿ ಮಾಡಿ ಬದುಕುತ್ತಿದ್ದ. ಬರೆದ ಪ್ರೋಗ್ರಾಮಿಗೆ ಉಳಿದಿದ್ದ ಗಿರಾಕಿ ಒಬ್ಬರೇ, ಬೆಟ್ಟದ ಮೇಲಿನ ಪಲಿಯೋವ್ರಿಸಿಯ ಕಿರಿಯಾ ಅರೆತಿ. ಒಬ್ಬರಿಗಾಗಿ ಒಂದು ಪ್ರೋಗ್ರಾಮನ್ನು ಜೀವಂತ ಇಡುವುದು ಹುಚ್ಚು ಎಂದು ಎಲ್ಲರೂ ಅಂದಿದ್ದರು. ಅವನು ವಾದ ಮಾಡಿರಲಿಲ್ಲ.

ಜನವರಿಯ ಕೊನೆಯಲ್ಲಿ ಒಂದು ಮಧ್ಯಾಹ್ನ, ಏನೋ ಹುಡುಕುತ್ತ ಅವನು ಸರ್ಕಾರದ ಆ ಸೇವೆಯ ಪುಟಕ್ಕೆ ಹೋದ. ಎಷ್ಟೋ ತಿಂಗಳಿಂದ ಆ ಕಡೆ ತಲೆ ಹಾಕಿರಲಿಲ್ಲ. ಮೇಲ್ಗಡೆಯೇ ದಪ್ಪ ಅಕ್ಷರದ ಸೂಚನೆ: ಸಂದೇಶ ಪದ್ಧತಿಯ ಹಳೆಯ ಆವೃತ್ತಿ ೧.೧ನ್ನು ಹೊಸ ವರ್ಷದಿಂದ ನಿಲ್ಲಿಸಲಾಗಿದೆ. ಇನ್ನು ಮುಂದೆ ೧.೨ ಮಾತ್ರ.

ಅವನು ಸೂಚನೆಯನ್ನು ಇನ್ನೊಮ್ಮೆ ಓದಿದ. ಅವನ ಪ್ರೋಗ್ರಾಮ್ ಮಾತಾಡುತ್ತಿದ್ದದ್ದು ಹಳೆಯದರಲ್ಲಿ. ಅಂದರೆ ಇಪ್ಪತ್ತು ದಿನಕ್ಕೂ ಹೆಚ್ಚು ಕಾಲದಿಂದ ಅದು ಸತ್ತು ಬಿದ್ದಿದೆ. ಆದರೆ ಹೋದ ಗುರುವಾರ ಆಕೆ "ಓಡ್ತಾ ಇದೆ" ಅಂದಿದ್ದರಲ್ಲ?

ಅವತ್ತು ಗುರುವಾರವಲ್ಲದಿದ್ದರೂ ಫೋನ್ ಮಾಡಿದ.

"ನಿಜ ಹೇಳಿ ಕಿರಿಯಾ ಅರೆತಿ. ಪ್ರೋಗ್ರಾಮ್ ನಿಂತಿದೆ ಅಲ್ವಾ?"

ಆ ಕಡೆ ಕುರ್ಚಿ ಎಳೆದ ಸದ್ದು. ಆಮೇಲೆ ಕೀಲಿಮಣೆಯ ಟಕಟಕ. ಒಂದು ಕೆಮ್ಮು.

"ಹೂಂ. ಒಂದು ಖಾಲಿ ಚೌಕ ಬರ್ತಾ ಇದೆ ನೋಡು. ಒಳಗೆ ಏನೂ ಬರೆದಿಲ್ಲ. 'ಸರಿ' ಅನ್ನೋ ಗುಂಡಿ ಮಾತ್ರ ಇದೆ."

"ಮತ್ತೆ ಯಾಕೆ ಹೇಳ್ಲಿಲ್ಲ ನೀವು? ಇಷ್ಟು ದಿನ ಹೆಂಗೆ ನಡೆಸ್ತಿದ್ದೀರಿ?"

"ನಡೆಯುತ್ತೆ ಬಿಡು. ಅವಸರ ಏನಿದೆ? ಹಿಮ ಕರಗ್ಲಿ. ಈಸ್ಟರ್ ಹೊತ್ತಿಗೆ ನೋಡಿದ್ರಾಯ್ತು."

ಅವನು ಫೋನ್ ಇಟ್ಟ. ಎಪ್ಪತ್ತರ ಹತ್ತಿರದ ಹೆಂಗಸು, ಮೊಣಕಾಲು ನೋವು ಬೇರೆ, ಪ್ರತಿ ಚೀಟಿಯನ್ನೂ ಕೈಯಲ್ಲಿ ಬರೆದುಕೊಂಡು, ಬೆಟ್ಟದಿಂದ ಪೇಟೆಗೆ ಫೋನ್ ಮಾಡಿ ವೈದ್ಯರನ್ನು ಕೇಳಿಕೊಂಡು ಔಷಧ ಕೊಡುತ್ತಿರುವುದು ಅವನ ಕಣ್ಣಿಗೆ ಕಟ್ಟಿತು. ತನಗೆ ತೊಂದರೆ ಕೊಡಬಾರದೆಂದು ಬಾಯಿ ಬಿಟ್ಟಿಲ್ಲ. ಮೇಜಿನ ಮೇಲಿದ್ದ ಮುದ್ರಣ ಯಂತ್ರವನ್ನು ಬಿಚ್ಚಿದ ಸ್ಥಿತಿಯಲ್ಲೇ ನೆಲಕ್ಕಿಳಿಸಿ ಅವನು ಕೆಲಸಕ್ಕೆ ಕೂತ.

ಇಂಥ ಸೇವೆ ನಡೆಸುವವರು ಹೊರಗಿನವರಿಗಾಗಿ ಒಂದು ವಿವರಣೆಯ ಕಡತ ಇಟ್ಟಿರುತ್ತಾರೆ. ನಮ್ಮಲ್ಲಿ ಏನೇನು ಕೇಳಬಹುದು, ಹೇಗೆ ಕೇಳಬೇಕು, ಯಾವ ವಿಳಾಸಕ್ಕೆ ಬರಬೇಕು, ಎಲ್ಲ ಅದರಲ್ಲಿರುತ್ತದೆ. ಯಂತ್ರಗಳು ಓದಲೆಂದೇ ಬರೆದದ್ದು. ಮನುಷ್ಯರು ಓದಿದರೆ ಕಣ್ಣು ಉರಿಯುತ್ತದೆ. ಲಾಂಬ್ರೋಸ್ ತನ್ನ ಬಳಿಯಿದ್ದ ಹಳೆಯ ಕಡತವನ್ನು ತೆರೆದು, ಹೊಸದನ್ನು ಅದರ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ನೋಡಿದ. ನೋಡುತ್ತ ನೋಡುತ್ತ ಅವನಿಗೇ ನಾಚಿಕೆಯಾಯಿತು. ಹಳೆಯ ಕಡತದಲ್ಲೇ ಎರಡು ಬಾಗಿಲುಗಳಿದ್ದವು. ಮೇಲ್ಗಡೆ ೧.೧ರದು, ಅದರ ಕೆಳಗೆ, ಅದೇ ಹೆಸರಿಗೆ ಒಂದು "12" ಅಂಟಿಸಿಕೊಂಡ ಇನ್ನೊಂದು, ೧.೨ರದು. ಒಳಗೆ ಸಿಗುವ ಸೇವೆ ಒಂದೇ. ವರ್ಷಗಟ್ಟಲೆ ಅದು ಅಲ್ಲೇ ಇತ್ತು. ಇವನು ಮೊದಲನೆಯದು ಸಿಕ್ಕ ಕೂಡಲೇ ಓದುವುದನ್ನು ನಿಲ್ಲಿಸಿದ್ದ. ಹೊಸ ಕಡತದಲ್ಲಿ ಮೇಲಿನ ಬಾಗಿಲನ್ನು ಕಿತ್ತು ಹಾಕಿದ್ದರು. ಅಷ್ಟೇ ವ್ಯತ್ಯಾಸ.

ಅಷ್ಟೇ ಎಂದುಕೊಂಡ. ಕೇಳುವ ಪ್ರತಿ ಮಾತನ್ನೂ ಒಂದು ಲಕೋಟೆಯಲ್ಲಿ ಹಾಕಿ ಕಳಿಸಬೇಕು. ಲಕೋಟೆಯ ಹಣೆಯ ಮೇಲೆ ಅದು ಯಾವ ಆವೃತ್ತಿಯದು ಎಂದು ತಿಳಿಸುವ ಒಂದು ಉದ್ದನೆಯ ಹೆಸರಿರುತ್ತದೆ. ಆ ಹೆಸರನ್ನು ಬದಲಾಯಿಸಿ, ಸರ್ಕಾರ ಪ್ರಯೋಗಕ್ಕೆಂದೇ ಇಟ್ಟಿದ್ದ ಪರೀಕ್ಷೆಯ ಯಂತ್ರಕ್ಕೆ ಕಳಿಸಿದ. ಬಿಚ್ಚದೆಯೇ ವಾಪಸ್ ಬಂತು. ಇಂಥ ಸರಕನ್ನು ನಾವು ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರ. ಏನೇನೋ ಮಾಡಿ ನೋಡಿದ. ಮಾರನೆಯ ದಿನ ಗುರುವಾರ, ಆದರೆ ಸರಿಮಾಡುವ ಮೊದಲು ಪಲಿಯೋವ್ರಿಸಿಗೆ ಫೋನ್ ಮಾಡಲು ಮನಸ್ಸಾಗಲಿಲ್ಲ. ಬೇರೆ ದಾರಿ ಕಾಣದೆ, ಸ್ತಾಥಿಸನಿಗೆ ಫೋನ್ ಮಾಡಿದ. ಅವರಿಬ್ಬರೂ ಮಾತಾಡಿ ವರ್ಷದ ಮೇಲಾಗಿತ್ತು.

"ಬದುಕಿದ್ದೀಯೇನೋ!" ಎಂದ ಸ್ತಾಥಿಸ್. "ಯಾರು ಸತ್ರು?"

"ಹಳೇ ಆವೃತ್ತಿ ಸತ್ತಿದೆ."

"ಈಗ ಗೊತ್ತಾಯ್ತಾ ನಿಂಗೆ? ಅದರ ತಿಥಿಗೆ ಬೇಯಿಸಿದ ಗೋಧಿ ಹಂಚಿ ತಿಂದೂ ಆಯ್ತಲ್ಲೋ ನಾವು!"

"ತಮಾಷೆ ಸಾಕು. ಲಕೋಟೆ ಬದಲಾಯಿಸ್ದೆ, ಆದ್ರೂ ಮುಟ್ತಾ ಇಲ್ಲ."

"ಲಕೋಟೆ ಬದಲಾಯಿಸ್ದೆ ಸರಿ. ಹೊರಗಡೆ ಏನು ಸರಕು ಅಂತ ಅಂಟಿಸ್ತೀಯಲ್ಲ ಚೀಟಿ, ಅದನ್ನ ಬದಲಾಯಿಸಿದ್ಯಾ? ಹಳೇದರಲ್ಲಿ ಬರೀ 'ಪಠ್ಯ' ಅಂತಿದ್ರೆ ನಡೀತಿತ್ತು. ಹೊಸದಕ್ಕೆ ತನ್ನದೇ ಹೆಸರು ಬೇಕು. ಇನ್ನೊಂದು, ಯಾವ ಕೆಲಸ ಆಗ್ಬೇಕು ಅಂತ ಹಳೇದರಲ್ಲಿ ಬೇರೆ ಚೀಟಿ ಇಡ್ತಿದ್ವಿ ನೆನಪಿದ್ಯಾ? ಈಗ ಅದಿಲ್ಲ. ಆ ಹೊರಗಿನ ಚೀಟಿಯ ಬಾಲಕ್ಕೇ ಅದನ್ನೂ ಸೇರಿಸ್ಬೇಕು."

"ನಂಗೆ ಹೊಳೀಲೇ ಇಲ್ಲ."

"ನಿಂಗೆ ಯಾವತ್ತು ಹೊಳೆದಿದೆ? ಮೊದಲನೇ ಪುಟ ಓದಿ ಪುಸ್ತಕ ಮುಚ್ಚೋನು ನೀನು." ಸ್ತಾಥಿಸ್ ನಕ್ಕ. ಹಳೆಯ ನಗು. ಲಾಂಬ್ರೋಸ್‌ಗೂ ನಗು ಬಂತು. "ಅಲ್ಲ, ಯಾರಿಗೋಸ್ಕರ ಇದೆಲ್ಲ?"

"ಪಲಿಯೋವ್ರಿಸಿಗೆ. ಇನ್ಯಾರಿದ್ದಾರೆ?"

ನಗು ನಿಂತಿತು. "ಕಿರಿಯಾ ಅರೆತಿಗಾ?"

"ಹೂಂ. ಪಾಪ, ಹೊಸ ವರ್ಷದಿಂದ ಕೈಯಲ್ಲೇ ಬರ್ಕೊಂಡು ಔಷಧಿ ಕೊಡ್ತಿದ್ದಾರೆ."

"ಹಂಗಂತ ಅವ್ರೇ ಹೇಳಿದ್ರಾ?"

"ಅವ್ರು ಯಾವತ್ತು ದೂರಿದ್ದಾರೆ? ಈಸ್ಟರ್‌ಗೆ ಬಾ ಅಂತಾರೆ. ನಾನು ಶನಿವಾರ ಹೋಗ್ತೀನಿ."

"ಲಾಂಬ್ರೋ..." ಸ್ತಾಥಿಸ್ ಏನೋ ಹೇಳಹೊರಟು ನಿಲ್ಲಿಸಿದ. "ರಸ್ತೆ ಕೆಟ್ಟಿದೆ ಮಾರಾಯ. ಫೋನಲ್ಲೇ ಹೇಳಿ ಮುಗಿಸ್ಬಾರ್ದಾ?"

"ಟೈರ್‌ಗೆ ಹಾಕೋ ಸರಪಳಿ ಇದೆ ನನ್ ಹತ್ರ."

ಅವತ್ತು ಸಂಜೆಯ ಹೊತ್ತಿಗೆ ಪರೀಕ್ಷೆಯ ಯಂತ್ರ ಒಪ್ಪಿಕೊಂಡಿತು. ಸುಳ್ಳು ರೋಗಿಯ ಸುಳ್ಳು ಚೀಟಿ ಹೋಗಿ, ನಿಜವಾದ ಉತ್ತರ ಬಂತು. ಲಾಂಬ್ರೋಸ್ ಎದ್ದು ನಿಂತು ಕೋಣೆಯಲ್ಲಿ ಎರಡು ಸುತ್ತು ಹಾಕಿದ. ಯಾರಿಗಾದರೂ ಹೇಳಬೇಕೆನಿಸಿತು. ಕಿಟಕಿಯಾಚೆ ಸರೋವರದ ಮೇಲೆ ಮಂಜು ಕೂತಿತ್ತು, ಎದುರಿನ ದ್ವೀಪ ಕಾಣುತ್ತಿರಲಿಲ್ಲ. ಶನಿವಾರ ಅವರಿಗೇ ಹೇಳಿದರಾಯಿತು ಎಂದುಕೊಂಡು ಒಂದು ಲೋಟ ತ್ಸಿಪುರೋ, ದ್ರಾಕ್ಷಿಯ ಸಾರಾಯಿ, ಸುರಿದುಕೊಂಡ.

ಶನಿವಾರ ಬೆಳಗ್ಗೆ ಆಕಾಶ ತಿಳಿಯಾಗಿತ್ತು. ಕೊನೆಯ ತಿರುವುಗಳಲ್ಲಿ ಸರಪಳಿ ಕಟ್ಟಬೇಕಾಯಿತು, ಬೆರಳುಗಳು ಮರಗಟ್ಟಿದವು. ಪಲಿಯೋವ್ರಿಸಿಯಲ್ಲಿ ಚಳಿಗಾಲಕ್ಕೆ ಉಳಿಯುವವರು ಕಡಿಮೆ. ಮುಚ್ಚಿದ ಕಿಟಕಿಗಳ ಮನೆಗಳ ನಡುವೆ ಅಲ್ಲೊಂದು ಇಲ್ಲೊಂದು ಹೊಗೆಕೊಳವೆ ಉಸಿರಾಡುತ್ತಿತ್ತು. ಔಷಧದಂಗಡಿಯ ಹಸಿರು ಶಿಲುಬೆ ಮಾತ್ರ ಹಿಮದ ಮೇಲೆ ಮಿನುಗಿ ಆರುತ್ತಿತ್ತು.

ಕಿರಿಯಾ ಅರೆತಿ ಎರಡು ಸ್ವೆಟರಿನ ಮೇಲೆ ಬಿಳಿ ಅಂಗಿ ತೊಟ್ಟು ಕಟ್ಟೆಯ ಹಿಂದೆ ನಿಂತಿದ್ದರು. ಇವನನ್ನು ಕಂಡು ಮುಖ ಅರಳಿತು, ಆ ಕೂಡಲೇ ಏನೋ ನೆನಪಾದವರಂತೆ ಅರ್ಧಕ್ಕೇ ನಿಂತಿತು.

"ಬಂದೇಬಿಟ್ಯಾ! ಹೇಳಿದ್ನಲ್ಲೋ ಮಗು, ಬೇಡ ಅಂತ. ಕೈ ನೋಡು, ಮೀನಿನ ಹಂಗೆ ತಣ್ಣಗಾಗಿದೆ. ಒಲೆ ಹತ್ರ ಬಾ. ಲೀಕ್ ಸೊಪ್ಪಿನ ಪಿಟಾ ಮಾಡಿದ್ದೀನಿ, ಬಿಸಿ ಇದೆ."

"ಮೊದಲು ಕೆಲಸ. ತಿಂದ್ರೆ ನಿದ್ದೆ ಬರುತ್ತೆ."

"ನಿದ್ದೆ ಬಂದ್ರೆ ಮಲಗು! ಯಾರು ಅಟ್ಟಿಸ್ಕೊಂಡು ಬರ್ತಿದ್ದಾರೆ ನಿನ್ನ?"

ಅವನು ನಗುತ್ತಲೇ ಕಟ್ಟೆಯ ಹಿಂದೆ ಹೋಗಿ ಹಳೆಯ ಯಂತ್ರದ ಮುಂದೆ ಕೂತ. ಅದರ ಮೇಲೆ ತೆಳುವಾಗಿ ಧೂಳು ಕೂತಿತ್ತು. ಕೈಯಿಂದ ಒರೆಸಿ, ಹೊಸ ಪ್ರೋಗ್ರಾಮ್ ಹಾಕುತ್ತ, ಮೂರು ದಿನದಿಂದ ಬಾಯಲ್ಲಿ ಕಟ್ಟಿಟ್ಟಿದ್ದನ್ನೆಲ್ಲ ಬಿಚ್ಚಿದ.

"ಈ ಮಾತಾಡೋ ಪದ್ಧತಿಗೆ ಸೋಪ್ ಅಂತಾರೆ, ಕಿರಿಯಾ ಅರೆತಿ."

"ಸೋಪಾ? ನನ್ ಹತ್ರ ಆಲಿವ್ ಎಣ್ಣೇದಿದೆ, ಲ್ಯಾವೆಂಡರ್‌ದೂ ಇದೆ. ಯಾವ್ದು ಬೇಕು?"

"ಅದಲ್ಲ, ಹೆಸರು ಮಾತ್ರ. ಅದರಲ್ಲಿ ಎರಡು ಆವೃತ್ತಿ. ಹಳೇದನ್ನ ನಿಲ್ಲಿಸಿದ್ರು. ಒಳಗಿರೋ ಮಾತು ಅದೇ, ಒಂದಕ್ಷರ ಬದಲಾಗಿಲ್ಲ. ಲಕೋಟೆ ಹಳೇದು ಅಂತ ತೆಗೀತಾನೇ ಇರ್ಲಿಲ್ಲ."

"ನಮ್ಮ ಪಾದ್ರಿ ಹಂಗೇ ಬಿಡು. ಟೋಪಿ ಹಾಕ್ಕೊಂಡು ಬಂದ್ರೆ ತಪ್ಪೊಪ್ಪಿಗೆ ಕೇಳೋದಿಲ್ಲ." ಆಕೆ ನಕ್ಕರು. ಆದರೆ ಕೈಗಳು ಕಟ್ಟೆಯ ಮೇಲಿನ ಡಬ್ಬಿಗಳನ್ನು ಸುಮ್ಮನೆ ಅತ್ತಿಂದಿತ್ತ ಜರುಗಿಸುತ್ತಿದ್ದವು.

"ಒಂದು ನಿಜವಾದ ಚೀಟಿ ಕೊಡಿ, ಕಳಿಸಿ ನೋಡೋಣ."

"ಚೀಟಿನಾ? ಇವತ್ತು ಯಾರೂ ಬಂದಿಲ್ಲ. ಇನ್ನು ಬರೋದೂ ಇಲ್ಲ. ಪಿಟಾ ಆರುತ್ತೆ ಲಾಂಬ್ರೋ."

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಜೀಕೋಸ್ ಮುದುಕ ಬಂದ. ಎದುರಿನ ಕಾಫಿ ಅಂಗಡಿಯವನು, ಕಿರಿಯರಿಗೆಲ್ಲ ಬಾರ್ಬಾ, ಅಂದರೆ ದೊಡ್ಡಪ್ಪ. ಬೂಟಿನ ಹಿಮವನ್ನು ಹೊಸ್ತಿಲಿಗೆ ಒದೆಯುತ್ತ, "ಅರೆತಿ, ನನ್ ರಕ್ತದೊತ್ತಡದ ಗುಳಿಗೆ," ಎಂದು ಕಿಸೆಯಿಂದ ಒಂದು ಕಾಗದ ತೆಗೆದ.

"ಆಮೇಲೆ ಬಾ ಜೀಕೋ."

"ಆಮೇಲೆ ಯಾಕೆ? ಹೋದ ತಿಂಗ್ಳು ಒಂದೇ ನಿಮಿಷಕ್ಕೆ ಕೊಟ್ಯಲ್ಲ."

"ಇಲ್ಲಿ ಕೊಡಿ ಬಾರ್ಬಾ," ಎಂದು ಲಾಂಬ್ರೋಸ್ ಕೈ ಚಾಚಿದ. "ಇವತ್ತು ಅರ್ಧ ನಿಮಿಷಕ್ಕೆ ಕೊಡೋಣ."

ಸಂಖ್ಯೆ ಒತ್ತಿದ. ಯಂತ್ರ ಒಂದು ಗಳಿಗೆ ಯೋಚಿಸಿತು. ನಂತರ ಪರದೆಯ ನಡುವೆ ಒಂದು ಚೌಕ ಮೂಡಿತು. ಒಳಗೆ ಏನೂ ಇರಲಿಲ್ಲ. ಕೆಳಗೆ "ಸರಿ" ಎಂಬ ಗುಂಡಿ.

ಲಾಂಬ್ರೋಸ್‌ನ ಕಿವಿ ಕೆಂಪಾಯಿತು. ಇನ್ನೊಮ್ಮೆ ಒತ್ತಿದ. ಮತ್ತದೇ. ಜೀಕೋಸ್ ಕಟ್ಟೆಯ ಮೇಲೆ ಮೊಣಕೈ ಊರಿ ನೋಡುತ್ತ, "ನಮ್ ಕಾಫಿ ಯಂತ್ರಾನೂ ಹಿಂಗೇ, ಎರಡು ಕೊಟ್ರೆ ಸರಿಯಾಗುತ್ತೆ," ಅಂದ.

"ಲಾಂಬ್ರೋ, ಬಿಟ್ಬಿಡು," ಅಂದರು ಅರೆತಿ ಮೆಲ್ಲಗೆ. "ಊಟ ಮಾಡೋಣ ಬಾ."

"ಮನೇಲಿ ಸರಿಯಾಗಿತ್ತು. ನಾನೇ ನೋಡಿದ್ದೀನಿ. ಐದು ನಿಮಿಷ ಕೊಡಿ."

ಅವನು ಹೋಗಿ ಬಂದ ಮಾತುಗಳೆಲ್ಲ ದಾಖಲಾಗುವ ಪುಟವನ್ನು ತೆರೆದ. ಈ ಸಲ ಲಕೋಟೆಯನ್ನು ತೆಗೆದುಕೊಂಡಿದ್ದರು, ಬಿಚ್ಚಿದ್ದರು, ಓದಿ ಉತ್ತರವನ್ನೂ ಬರೆದಿದ್ದರು. ಉದ್ದನೆಯ ಉತ್ತರವೇ. ಆದರೆ ಆ ಪುಟದಲ್ಲಿ ಗ್ರೀಕ್ ಅಕ್ಷರಗಳೆಲ್ಲ ಪ್ರಶ್ನೆ ಚಿಹ್ನೆಗಳಾಗಿ ಸಾಲಾಗಿ ನಿಂತಿದ್ದವು. ಓದಲಾಗುತ್ತಿರಲಿಲ್ಲ. ಅವುಗಳ ಸುತ್ತಲಿದ್ದ ಗುರುತಿನ ಪದಗಳು ಮಾತ್ರ ಓದುವಂತಿದ್ದವು. ಅವನ್ನು ನೋಡಿದ್ದೇ ಅವನು ಹಣೆ ಚಚ್ಚಿಕೊಂಡು ಗಟ್ಟಿಯಾಗಿ ನಕ್ಕುಬಿಟ್ಟ.

"ಏನಾಯ್ತೋ?" ಎಂದ ಜೀಕೋಸ್.

"ಕತ್ತೆ ನಾನು, ಕತ್ತೆ! ನೋಡಿ ಬಾರ್ಬಾ. ಏನಾದ್ರೂ ತಪ್ಪಾದ್ರೆ ಅಲ್ಲಿಂದ ಕಾರಣ ಬರೆದು ಕಳಿಸ್ತಾರೆ. ಹಳೇ ಆವೃತ್ತೀಲಿ ಆ ಕಾರಣ ಒಂದು ಜಾಗದಲ್ಲಿರ್ತಿತ್ತು, ಅದಕ್ಕೊಂದು ಹೆಸರಿತ್ತು. ಹೊಸದರಲ್ಲಿ ಜಾಗಾನೂ ಬೇರೆ, ಹೆಸರೂ ಬೇರೆ. ನನ್ ಪ್ರೋಗ್ರಾಮ್ ಇನ್ನೂ ಹಳೇ ಜಾಗದಲ್ಲೇ ಕೈಯಾಡಿಸ್ತಿದೆ, ಅಲ್ಲೇನೂ ಇಲ್ಲ, ಅದಕ್ಕೇ ಖಾಲಿ ಚೌಕ. ಮನೇಲಿ ಎಲ್ಲ ಸರಿಯಾಗೇ ಹೋಯ್ತು, ಹಂಗಾಗಿ ತಪ್ಪಿನ ಮಾತೇ ಬರ್ಲಿಲ್ಲ, ನಂಗೂ ಗೊತ್ತಾಗ್ಲಿಲ್ಲ. ಅವರು ಹೇಳ್ತಾನೇ ಇದ್ದಾರೆ! ಕಾರಣ ಗೊತ್ತಾದ್ರೆ ಸರಿ ಮಾಡೋದು ಸುಲಭ."

"ಲಾಂಬ್ರೋ," ಎಂದರು ಅರೆತಿ ಮತ್ತೆ.

ಅವನಿಗೆ ಕೇಳಿಸಲಿಲ್ಲ. ಬೆರಳುಗಳು ಓಡುತ್ತಿದ್ದವು. ಬಹಳ ಕಾಲದ ಮೇಲೆ, ಇಬ್ಬರು ಮನುಷ್ಯರು ಪಕ್ಕದಲ್ಲಿ ನಿಂತು ನೋಡುತ್ತಿರುವಾಗ, ಅವನು ತನಗೆ ಬರುವ ಕೆಲಸವನ್ನು ಮಾಡುತ್ತಿದ್ದ. ಒಲೆಯಲ್ಲಿ ಸೌದೆ ಚಟಪಟ ಅನ್ನುತ್ತಿತ್ತು. ಪಿಟಾದ ಬೆಣ್ಣೆಯ ವಾಸನೆ ಇಡೀ ಅಂಗಡಿ ತುಂಬಿತ್ತು. ಮುಗಿಸಿ, ಕೈ ಒರೆಸಿಕೊಂಡು, ಈಸ್ಟರ್ ಹಬ್ಬದ ದಿನ ಬಣ್ಣದ ಮೊಟ್ಟೆ ಒಡೆಯುವವನಂತೆ ಠೀವಿಯಿಂದ ಗುಂಡಿ ಒತ್ತಿದ.

ಚೌಕ ಮೂಡಿತು. ಈ ಸಲ ಒಳಗೆ ಅಕ್ಷರಗಳಿದ್ದವು.

ಜೀಕೋಸ್ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಶಾಲೆಯ ಮಕ್ಕಳಂತೆ ಒಂದೊಂದೇ ಪದವನ್ನು ಗಟ್ಟಿಯಾಗಿ ಓದಿದ. "ಈ... ಔಷಧಾಲಯ... ಅಕ್ಟೋಬರ್ ತಿಂಗಳಿಂದ... ಬೇರೊಂದು ತಂತ್ರಾಂಶದ ಮೂಲಕ... ನೋಂದಣಿಯಾಗಿದೆ. ಈ ತಂತ್ರಾಂಶದ ಅನುಮತಿ... ರದ್ದಾಗಿದೆ." ತಲೆ ಎತ್ತಿ, "ಹಂಗಂದ್ರೆ?" ಅಂದ. ಇಬ್ಬರ ಮುಖವನ್ನೂ ನೋಡಿದ. ಟೋಪಿ ಸರಿಮಾಡಿಕೊಂಡು, "ಗುಳಿಗೆಗೇನು ಅವಸರ. ನಾನು ಆಮೇಲೆ ಬರ್ತೀನಿ," ಎಂದು ಹೊರಟುಹೋದ.

ಲಾಂಬ್ರೋಸ್ ಪರದೆಯನ್ನೇ ನೋಡುತ್ತಿದ್ದ. ಆ ವಾಕ್ಯವನ್ನು ತಾನೂ ಒಮ್ಮೆ ಮನಸ್ಸಿನಲ್ಲೇ ಓದಿಕೊಂಡ. ಆಮೇಲೆ ಕೇಳಿದ, "ಇನ್ನೊಂದು ಯಂತ್ರ ಎಲ್ಲಿದೆ?"

ಅರೆತಿ ಹಿಂದಿನ ಕೋಣೆಯತ್ತ ತಲೆಯಾಡಿಸಿದರು. "ಹಾಲಿನ ಪುಡಿ ಡಬ್ಬಿಗಳ ಹಿಂದೆ. ನೀನು ಬರ್ತೀಯ ಅಂತ ಬೆಳಗ್ಗೆ ಒಳಗಿಟ್ಟೆ."

"ಸ್ತಾಥಿಸ್ ಹಾಕಿ ಕೊಟ್ನಾ?"

"ಅವನೇ. ನೀನು ಇವತ್ತು ಬರ್ತೀಯ ಅಂತ ತಿಳಿಸಿದ್ದೂ ಅವನೇ. ನಿಂಗೆ ಹೇಳ್ಬೇಡ ಅಂತ ನಾನೇ ಆಣೆ ಹಾಕಿಸ್ಕೊಂಡೆ. ಹಳೇದು ನಿಲ್ಲುತ್ತೆ ಅಂತ ಕಚೇರಿಯಿಂದ ಹೇಳಿಕಳಿಸಿದ್ರು. ಈ ಊರಲ್ಲಿ ಇನ್ಸುಲಿನ್ ತಗೊಳ್ಳೋರಿದ್ದಾರೆ ಲಾಂಬ್ರೋ, ಒಂದು ದಿನ ತಪ್ಪಿದ್ರೂ ಆಗಲ್ಲ. ನೀನು ಬಂದು ಸರಿಮಾಡೋವರೆಗೆ ನಾನು ಕಾಯೋ ಹಂಗಿರ್ಲಿಲ್ಲ."

"ಸರಿಯಾಗೇ ಮಾಡಿದ್ದೀರಿ."

"ಆ ಗುರುವಾರ ಹೇಳ್ಬೇಕು ಅಂತಿದ್ದೆ. ನೀನು ಫೋನ್ ಮಾಡ್ದೆ. 'ಓಡ್ತಾ ಇದೆಯಾ' ಅಂತ ಕೇಳ್ದೆ. ಬಾಯಿಗೆ ಅಭ್ಯಾಸ, ಓಡ್ತಾ ಇದೆ ಅಂದ್ಬಿಟ್ಟೆ. ಮುಂದಿನ ವಾರ ಹೇಳೋಣ ಅಂದ್ಕೊಂಡೆ. ಮುಂದಿನ ವಾರಾನೂ ಹಂಗೇ ಆಯ್ತು."

ಅಕ್ಟೋಬರಿನಿಂದ ಈಚೆಗಿನ ಗುರುವಾರಗಳೆಲ್ಲ ಅವನ ಕಣ್ಣ ಮುಂದೆ ಬಂದವು. ಅವನು ಕಿಟಕಿಯ ಪಕ್ಕ ಕೂತು ವೈದ್ಯನ ಗತ್ತಿನಲ್ಲಿ ಕೇಳಿದ್ದು, ಆಕೆ ಉತ್ತರಿಸಿದ್ದು. ಗಿರಾಕಿ ಕೈತಪ್ಪಿದ್ದು ಅವನಿಗೆ ಹೊಸದಲ್ಲ. ಈಗ ಎದೆಯಲ್ಲಿ ಚುಚ್ಚಿದ್ದು ಬೇರೆ.

"ನನ್ ಮೇಲೆ ಕನಿಕರಾನಾ ಕಿರಿಯಾ ಅರೆತಿ?"

"ನಿನ್ ಮೇಲಲ್ಲ ಕಣೋ." ಆಕೆ ಒಲೆಯತ್ತ ತಿರುಗಿ ನಿಂತರು. "ನನ್ ಮೇಲೆ. ಈ ಬಾಗಿಲು ತಳ್ಕೊಂಡು ಬರೋರೆಲ್ಲ ತಮ್ಮ ಬೆನ್ನು ನೋವು, ತಮ್ಮ ಹೊಟ್ಟೆ ಉರಿ ಹೇಳ್ತಾರೆ. ಹೇಳ್ಬೇಕಾದ್ದೇ, ಅದಕ್ಕೇ ಕೂತಿರೋದು ನಾನು. ನನ್ ಗಂಡ ಸೋತಿರಿಸ್ ತೀರಿಹೋದ ಮೇಲೆ, ಇವತ್ತು ಏನ್ ಅಡುಗೆ ಮಾಡ್ದೆ ಅಂತ ನನ್ನ ಕೇಳಿರೋನು ನೀನೊಬ್ನೇ. ಪ್ರೋಗ್ರಾಮ್ ಹೋಯ್ತು ಅಂದ್ರೆ ಗುರುವಾರಾನೂ ಹೋಗುತ್ತೆ ಅಂತ ಭಯ ಆಯ್ತು."

ಯಾರಾದರೂ ತನ್ನನ್ನು ಕಳೆದುಕೊಳ್ಳಲು ಹೆದರಬಹುದೆಂಬುದು ಅವನ ಎಣಿಕೆಯಲ್ಲೇ ಇರಲಿಲ್ಲ. ಆದರೆ ಆ ಕ್ಷಣಕ್ಕೆ ಅವಮಾನವೇ ದೊಡ್ಡದಾಗಿ ನಿಂತಿತ್ತು, ಉಳಿದದ್ದಕ್ಕೆ ಅದು ದಾರಿ ಬಿಡಲಿಲ್ಲ. ಅವನು ಮತ್ತೆ ಯಂತ್ರದತ್ತ ತಿರುಗಿ, ತನ್ನ ಪ್ರೋಗ್ರಾಮನ್ನು ಅಳಿಸತೊಡಗಿದ.

"ಇರ್ಲಿ ಬಿಡೋ ಅದು. ಏನ್ ಜಾಗ ತಿನ್ನುತ್ತೆ?"

"ಅನುಮತಿ ಇಲ್ಲದ್ದು ಇರಬಾರ್ದು. ನಾಳೆ ಅಪ್ಪಿತಪ್ಪಿ ಇದರಲ್ಲಿ ಒತ್ತಿದ್ರೆ ಗೊಂದಲ."

"ಪಿಟಾನಾದ್ರೂ ತಿನ್ನು."

"ಕತ್ತಲಾಗೋಕೆ ಮುಂಚೆ ಇಳೀಬೇಕು."

ಆಗಿನ್ನೂ ಮಧ್ಯಾಹ್ನವಾಗಿತ್ತು, ಹೊರಗೆ ಕಣ್ಣು ಕುಕ್ಕುವ ಬಿಸಿಲಿತ್ತು. ಆಕೆ ಪಿಟಾದ ದೊಡ್ಡ ತುಂಡೊಂದನ್ನು ಕಾಗದದಲ್ಲಿ ಸುತ್ತಿ ಅವನ ಕೈಗಿಟ್ಟರು. ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡು ಬೆಟ್ಟ ಇಳಿದ. ಸರಪಳಿ ಬಿಚ್ಚುವ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಸ್ಟಿಯರಿಂಗ್ ಹಿಡಿದು ಬಹಳ ಹೊತ್ತು ಕೂತಿದ್ದ. ಕಾಗದದ ಮೂಲಕ ತೊಡೆಗೆ ಬಿಸಿ ತಾಗುತ್ತಿತ್ತು. ಮನೆ ತಲುಪುವ ಹೊತ್ತಿಗೆ ಅದು ಆರಿತ್ತು. ನಿಂತುಕೊಂಡೇ, ತಣ್ಣಗಿದ್ದದ್ದನ್ನೇ, ಒಂದು ಚೂರೂ ಬಿಡದೆ ತಿಂದ.

ಮುಂದಿನ ಗುರುವಾರ ಬಂತು. ಕಾಫಿ ಕುಡಿದ. ಕಪ್ಪು ತೊಳೆದ. ಕಿಟಕಿಯ ಬಳಿ ಹೋಗಿ ಕುರ್ಚಿಯಲ್ಲಿ ಕೂರದೆ ವಾಪಸ್ ಬಂದು ಮುದ್ರಣ ಯಂತ್ರವೊಂದರ ಉರುಳೆ ಬಿಚ್ಚಿದ. ಸ್ತಾಥಿಸ್ ಫೋನ್ ಮಾಡಿದಾಗ ಎತ್ತಲಿಲ್ಲ. ಎರಡನೆಯ ಸಲ ಎತ್ತಿದ.

"ಬೈದುಬಿಡೋ," ಎಂದ ಸ್ತಾಥಿಸ್. "ಒಂದ್ಸಲ ಬಾಯಿತುಂಬ ಬೈದು ಮುಗಿಸು."

"ಬೈಯೋಕೇನಿದೆ? ಸರಿಯಾಗೇ ಹಾಕಿದ್ದೀಯ. ನೋಡ್ದೆ ನಾನು."

"ಅವ್ರು ಅತ್ರು ಕಣೋ ಅವತ್ತು, ನಾನು ಹಾಕುವಾಗ. ಯಂತ್ರಕ್ಕೆ ಅಳೋರನ್ನ ನಾನು ನೋಡಿರ್ಲಿಲ್ಲ."

ಲಾಂಬ್ರೋಸ್ ಕೈಯಲ್ಲಿದ್ದ ಉರುಳೆಯನ್ನು ಮೇಜಿನ ಮೇಲಿಟ್ಟ. ಆಮೇಲೆ ಫೋನ್ ಇಟ್ಟ.

ಆ ದಿನಗಳಲ್ಲಿ ಅವನು ಪ್ರೋಗ್ರಾಮನ್ನು ಪೂರ್ತಿ ಸರಿಮಾಡಿದ. ಯಾರೂ ಬಳಸದ ವಸ್ತುವಿನ ಮೂಲೆಮೂಲೆಯನ್ನೂ ತಿಕ್ಕಿ ತೊಳೆದ. ಬರಬಹುದಾದ ಎಲ್ಲ ತಪ್ಪುಗಳನ್ನೂ ತಾನೇ ಬೇಕೆಂದು ಮಾಡಿ, ಪರೀಕ್ಷೆಯ ಯಂತ್ರಕ್ಕೆ ಕಳಿಸಿ, ಬಂದ ಕಾರಣಗಳನ್ನು ಓದಿದ. ರೋಗಿ ಇಲ್ಲ. ಚೀಟಿಯ ಅವಧಿ ಮುಗಿದಿದೆ. ಈಗಾಗಲೇ ಕೊಡಲಾಗಿದೆ. ಒಂದೊಂದೂ ತನ್ನ ಹೊಸ ಜಾಗದಲ್ಲಿ ಸ್ಪಷ್ಟವಾಗಿ ಕಾಣಿಸಿತು. ಕೆಲಸ ಮುಗಿದ ದಿನ ಅವನಿಗೆ ಮೊದಲಿನ ಸಂತೋಷವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಯಂತ್ರ ಆರಿಸಿ, ಸರೋವರದ ದಂಡೆಯಲ್ಲಿ ಬಾತುಗಳನ್ನು ನೋಡುತ್ತ ಒಂದು ಸುತ್ತು ನಡೆದು ಬಂದ. ಇನ್ನೊಂದು ಗುರುವಾರವೂ ಹಾಗೆಯೇ ದಾಟಿತು.

ಫೆಬ್ರವರಿಯ ಒಂದು ಸೋಮವಾರ, ಮಳೆ ಹಿಡಿದಿದ್ದ ಬೆಳಗ್ಗೆ, ಅವನು ಫೋನ್ ಮಾಡಿದ. ಮಾಡಬೇಕೆಂದು ನಿರ್ಧರಿಸಿಯೇನೂ ಇರಲಿಲ್ಲ. ಕೈ ಒತ್ತಿತು.

"ಔಷಧದಂಗಡಿ," ಎಂದಿತು ಆ ಕಡೆಯ ಧ್ವನಿ.

"ಕಿರಿಯಾ ಅರೆತಿ. ನಾನು."

ಏನೋ ಕೆಳಗಿಟ್ಟ ಸದ್ದು. "ಇವತ್ತು ಸೋಮವಾರ," ಅಂದರು.

"ಗೊತ್ತು."

"ಏನಾದ್ರೂ ಕೆಟ್ಟಿದ್ಯಾ?"

"ಇಲ್ಲ. ಏನೂ ಕೆಟ್ಟಿಲ್ಲ."

ಇಷ್ಟು ವರ್ಷ ಅವನು ಒಂದೇ ಪ್ರಶ್ನೆಯಿಂದ ಶುರು ಮಾಡಿದ್ದ. ಅದಿಲ್ಲದೆ ಎಲ್ಲಿ ಕಾಲಿಡಬೇಕೆಂದು ತಿಳಿಯದೆ ತಡವರಿಸಿದ. ಕಿಟಕಿಯ ಗಾಜಿನ ಮೇಲೆ ನೀರು ಇಳಿಯುತ್ತಿತ್ತು.

"ಇವತ್ತು ಏನ್ ಅಡುಗೆ?" ಎಂದ ಕೊನೆಗೆ.

"ಏನೂ ಮಾಡಿಲ್ಲ." ಆಕೆ ತಡೆದು ಹೇಳಿದರು, "ಒಬ್ಳಿಗೆ ಏನ್ ಮಾಡೋದು ಅಂತ ಬೇಜಾರಾಗಿ ಬಿಟ್ಟಿದ್ದೀನಿ. ಎರಡು ದಿನದಿಂದ ಬ್ರೆಡ್ಡು, ಆಲಿವ್. ನೀನು?"

"ನಂದೂ ಅದೇ. ಬ್ರೆಡ್ಡು ಹಳೇದು ಬೇರೆ."

"ನೀರು ಚಿಮುಕಿಸಿ ಒಲೇಲಿಡು. ಮೆತ್ತಗಾಗುತ್ತೆ." ದೂರದಲ್ಲಿ ಬಾಗಿಲು ತೆರೆದ ಸದ್ದು, ಯಾರದೋ ಕೆಮ್ಮು. "ಯಾರೋ ಬಂದ್ರು. ಇಡಬೇಡ, ಅಲ್ಲೇ ಇರು."

ಫೋನನ್ನು ಕಟ್ಟೆಯ ಮೇಲೆ ಇಟ್ಟದ್ದು ಕೇಳಿಸಿತು. ಒಬ್ಬ ಹೆಂಗಸು ಮಗುವಿನ ಜ್ವರದ ಬಗ್ಗೆ ಹೇಳುತ್ತಿದ್ದಳು. ನಿನ್ನೆಯಿಂದ, ಇಲ್ಲ ಮೊನ್ನೆಯಿಂದ, ಹಾಲು ಕುಡಿಯುತ್ತಿಲ್ಲ. ಅರೆತಿ ಏನೇನೋ ಕೇಳುತ್ತಿದ್ದರು. ಒಂದು ಡ್ರಾಯರ್ ತೆರೆದು ಮುಚ್ಚಿತು, ಕಾಗದ ಹರಿಯಿತು, ಕೀಲಿಮಣೆ ಟಕಟಕ ಅಂದಿತು, ಬೇರೆಯವರ ಪ್ರೋಗ್ರಾಮ್ ಚೀಟಿಯನ್ನು ತಂದುಕೊಟ್ಟಿತು. ಹೆಂಗಸಿಗೆ ಹೋಗಲು ಅವಸರವಿದ್ದಂತೆ ಕಾಣಲಿಲ್ಲ, ಈಗ ಅವಳ ಅತ್ತೆಯ ಮಾತು ಶುರುವಾಗಿತ್ತು. ಲಾಂಬ್ರೋಸ್ ಕುರ್ಚಿಯನ್ನು ಕಾಲಿನಿಂದ ಹತ್ತಿರಕ್ಕೆಳೆದುಕೊಂಡು ಕೂತ. ಫೋನನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಾಯಿಸಿದ.